ಖುರ್ಚಿ ಅಕ್ಕೋರದು, ಡೋಂಗಲ್ ಯಾರ ಕಿಸೆದಾಗ?

ಕಾಗಿಣಾ ದಂಡಿ:

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗ್ರಾಮ ಪಂಚಾಯಿತಿಗಳಲ್ಲಿ ಮಹಿಳಾ ಅಧ್ಯಕ್ಷರ ಬದಲು ಬೇರೆಯವರು ಆಡಳಿತ ನಡೆಸುವ ಸುದ್ದಿ ಬಂದಾಗಲೆಲ್ಲ ಚರ್ಚೆ ‘ಸಮಾಜದ ಮನಸ್ಥಿತಿ ಬದಲಾಗಬೇಕು’ ಅನ್ನುವಲ್ಲಿಗೆ ಹೋಗಿ ಕೂತುಬಿಡುತ್ತದೆ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಅಷ್ಟರೊಳಗೆ ಮನಸ್ಥಿತಿ ಬದಲಾಗಲಿಕ್ಕಿಲ್ಲ, ಡೋಂಗಲ್‌ನ, ಅಂದರೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿಯ, ಪಿನ್ ನಂಬರ್ ಬದಲಾಯಿಸಬಹುದು. ಅದಕ್ಕೆ ಈ ಎಳೆಯಲ್ಲಿ ವಸ್ತುಗಳ ಬಗ್ಗೆ ಮಾತಾಡೋಣ: ಡೋಂಗಲ್, ಠರಾವು (ನಿರ್ಣಯ) ಪುಸ್ತಕ, ಸಭೆಯ ನೋಟಿಸು, ಮೊಬೈಲ್ ನಂಬರ್, ಹಾಜರಿ ಪುಸ್ತಕ. ಯಾವುದು ಯಾರ ಕೈಯಲ್ಲಿದೆ, ಹಿಂದಕ್ಕೆ ತರುವ ದಾರಿ ಯಾವುದು?

ಸೀಟು ಸಿಗುವುದು ನಮ್ಮಲ್ಲಿ ಹಳೆಯ ಮಾತು. ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮುಂಚೆಯೇ, 1983ರ ರಾಜ್ಯ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಇಟ್ಟಿದ್ದರು. ಆ ಲೆಕ್ಕದಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗವಾಯಿತು, 2010ರ ತಿದ್ದುಪಡಿಯಲ್ಲಿ ಅರ್ಧವಾಯಿತು. ಅಂದರೆ ಅಡ್ಡಿ ಇರುವುದು ಗೆದ್ದ ಮರುದಿನದಿಂದ. ಉದ್ಯೋಗದ ಕಡೆಯವರೂ ಬರೆಯಿರಿ, ಅಲ್ಲೂ ಇದೇ ಕಥೆ.

ಹಳೇ ಕಾರ್ಯದರ್ಶಿ:

ಡೋಂಗಲ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ದುಡ್ಡಿನ ಬಾಗಿಲು ಅದೇ.

ಕೇಂದ್ರ ಹಣಕಾಸು ಆಯೋಗದ ಅನುದಾನ ಖರ್ಚಾಗುವುದು ಚೆಕ್ಕಿನಲ್ಲಲ್ಲ. ಇ-ಗ್ರಾಮಸ್ವರಾಜ್ ತಂತ್ರಾಂಶದಲ್ಲಿ ವೋಚರ್ ತಯಾರಾಗಬೇಕು, ಅದಕ್ಕೆ ಇಬ್ಬರ ಡಿಜಿಟಲ್ ಸಹಿ ಬೀಳಬೇಕು. ಬಿಲ್ ತಯಾರಿಸಿದ ಕಡೆಯಿಂದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ, ಪರಿಶೀಲಿಸಿದ್ದಕ್ಕೆ ಅಧ್ಯಕ್ಷರ ಸಹಿ. ಎರಡೂ ಬಿದ್ದರೆ ಹಣ ನೇರ ಗುತ್ತಿಗೆದಾರನ ಖಾತೆಗೆ. ಅಧ್ಯಕ್ಷರ ಸಹಿ ಅಂದರೆ ಹೆಬ್ಬೆರಳಿನಷ್ಟು ಇರುವ ಆ ಯುಎಸ್‌ಬಿ ಮತ್ತು ಅದರ ಪಿನ್. ಯಾರ ಬಳಿ ಎರಡೂ ಇವೆಯೋ, ತಂತ್ರಾಂಶದ ಕಣ್ಣಿಗೆ ಅವರೇ ಅಧ್ಯಕ್ಷರು.

ಕೈತಪ್ಪುವುದು ಬಹುತೇಕ ಮೊದಲ ದಿನವೇ. ಡಿಜಿಟಲ್ ಸಹಿ ಮಾಡಿಸಲು ಪ್ಯಾನ್, ಆಧಾರ್, ಮೊಬೈಲ್‌ಗೆ ಬರುವ ಒಟಿಪಿ, ಇ-ಮೇಲ್, ವಿಡಿಯೊ ಪರಿಶೀಲನೆ ಬೇಕು. ಆಕೆಗೆ ಪ್ಯಾನ್ ಇರುವುದಿಲ್ಲ, ಅಥವಾ ಆಧಾರ್‌ನಲ್ಲಿ ತವರಿನ ಹೆಸರು, ಮತದಾರರ ಪಟ್ಟಿಯಲ್ಲಿ ಗಂಡನ ಮನೆಯ ಹೆಸರು. ಮೊಬೈಲ್ ನಂಬರ್ ಗಂಡನದೋ ಮಗನದೋ ಕೊಟ್ಟಿರುತ್ತಾರೆ. ಇ-ಮೇಲ್ ಅನ್ನು ಕಂಪ್ಯೂಟರ್ ಆಪರೇಟರ್ ಅಲ್ಲೇ ಕೂತು ಸೃಷ್ಟಿಸಿರುತ್ತಾನೆ, ಅದರ ಪಾಸ್‌ವರ್ಡ್ ಅವನಿಗಷ್ಟೇ ಗೊತ್ತು. ವಿಡಿಯೊದಲ್ಲಿ ಮುಖ ತೋರಿಸುವ ಎರಡು ನಿಮಿಷ ಮಾತ್ರ ಆಕೆಯ ಪಾತ್ರ. ಆಮೇಲೆ ಡೋಂಗಲ್ ಕಚೇರಿಯ ಟೇಬಲ್ ಖಾನೆ ಸೇರುತ್ತದೆ, ಪಿನ್ ಅನ್ನು ಅದರ ಮೇಲೇ ಚೀಟಿ ಅಂಟಿಸಿ ಬರೆದಿರುತ್ತಾರೆ.

ಸರಿ ಮಾಡುವ ಕ್ರಮ ಹೀಗೆ. ಗೆದ್ದ ಪ್ರಮಾಣಪತ್ರ ಸಿಕ್ಕ ದಿನವೇ ಆಕೆಯ ಹೆಸರಿನ ಸಿಮ್, ಆಕೆಯ ಕೈಯಲ್ಲಿರುವ ಫೋನ್. ಡೋಂಗಲ್ ಜೊತೆ ಬರುವ ತಂತ್ರಾಂಶದಲ್ಲಿ ಪಿನ್ ಬದಲಿಸುವ ಆಯ್ಕೆ ಇರುತ್ತದೆ. ಆಕೆಯೇ ಒತ್ತಬೇಕು, ಅಂಕಿ ಗುರುತಿಸಲು ಬಂದರೆ ಸಾಕು, ಅಕ್ಷರ ಬೇಡ. ತಪ್ಪು ಪಿನ್ ಹಲವು ಸಲ ಹಾಕಿದರೆ ಲಾಕ್ ಆಗುತ್ತದೆ, ಆದ್ದರಿಂದ ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ. ಡೋಂಗಲ್ ಕಚೇರಿಯಲ್ಲಿ ಬಿಡಬಾರದು. ಹಣ ಪಾವತಿಯ ದಿನ ಗೊತ್ತು ಮಾಡಿಕೊಂಡು, ಆ ದಿನ ತಾನೇ ತಂದು, ಸಹಿ ಮುಗಿದ ಮೇಲೆ ತಾನೇ ಒಯ್ಯಬೇಕು.

ಸಹಿಗೆ ಮುನ್ನ ನಾಲ್ಕು ಸಂಗತಿ ಕೇಳಬೇಕು: ಯಾವ ಠರಾವಿನ ನಂಬರು, ಅಳತೆ ಪುಸ್ತಕದಲ್ಲಿ ಜೆಇ (ಕಿರಿಯ ಎಂಜಿನಿಯರ್) ದಾಖಲಿಸಿದ್ದಾರಾ, ಕಾರ್ಯಾದೇಶ ಯಾರ ಹೆಸರಿಗಿದೆ, ಹಣ ಹೋಗುವ ಖಾತೆ ಅದೇ ಹೆಸರಿನದಾ. ನಾಲ್ಕರಲ್ಲಿ ಒಂದು ತಾಳೆ ಆಗದಿದ್ದರೂ ‘ನಾಳೆ ನೋಡೋಣ’ ಎನ್ನುವ ಹಕ್ಕು ಆಕೆಗಿದೆ. ಈ ಪಟ್ಟಿಯನ್ನು ಓದಲು ಬಾರದವರೂ ಬೆರಳ ಮೇಲೆ ಎಣಿಸಿ ಕೇಳಬಹುದು.

ಗಂಜ್ ಏರಿಯಾ:

ತಪ್ಪು ತಿಳ್ಕೋಬ್ಯಾಡ್ರಿ ಸರ್. ಹೆಂಡತಿಗೆ ಓದಾಕ ಬರಲ್ಲ, ಗಂಡ ಓಡ್ಯಾಡಿ ಕೆಲಸ ಮಾಡಿಸ್ತಾನ. ಊರಿಗೆ ಸಿಸಿ ರಸ್ತೆ ಬಂತಿಲ್ಲೋ? ಬೋರ್‌ವೆಲ್ ಬಂತಿಲ್ಲೋ? ಯಾರು ಬಟನ್ ಒತ್ತಿದ್ರ ಏನಾತು? ಇಲ್ಲಾಂದ್ರ ಎಸ್ಸೆಸ್ಸೆಲ್ಸಿ ಆದವರಿಗಷ್ಟ ನಿಲ್ಲಾಕ ಬಿಡ್ಬೇಕು, ಮುಗೀತದ ಎಲ್ಲಾ ತಕರಾರು.

ಬೀದರ್ ವಕೀಲೆ:

ಬಟನ್ ಯಾರು ಒತ್ತಿದರು ಎಂಬುದು ಲೆಕ್ಕ ತಪಾಸಣೆಯವರು ಬಂದಾಗ ಗೊತ್ತಾಗುತ್ತದೆ ಅಣ್ಣಾವ್ರೆ. ಆಕ್ಷೇಪಣೆ ಬರುವುದು, ವಸೂಲಾತಿ ನೋಟಿಸ್ ಬರುವುದು ಆಕೆಯ ಹೆಸರಿಗೆ. ಓಡಾಡಿದ ಗಂಡನ ಹೆಸರು ಒಂದು ಕಾಗದದಲ್ಲೂ ಇರುವುದಿಲ್ಲ. ಕಾನೂನಿನಲ್ಲಿ ಡಿಜಿಟಲ್ ಸಹಿಯ ಗುಟ್ಟು ಕಾಯುವ ಹೊಣೆ ಸಹಿಯ ಒಡೆಯರದೇ. ಇನ್ನೊಬ್ಬರ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ: ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ‘ನಾನೇ ಕೊಟ್ಟಿದ್ದೆ’ ಎಂದು ಆಕೆ ಹೇಳಿದರೆ ಆ ಕಲಮೂ ಸಡಿಲವಾಗುತ್ತದೆ, ಹೊಣೆ ಆಕೆಯ ಮೇಲೇ ಉಳಿಯುತ್ತದೆ. ಹಾಗಾಗಿ ಡೋಂಗಲ್ ಕಿತ್ತುಕೊಂಡಿದ್ದರೆ ಅಂದೇ ಪಿಡಿಒಗೆ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಲಿಖಿತ ಪತ್ರ ಕೊಟ್ಟು ‘ಈ ದಿನದಿಂದ ನನ್ನ ಡಿಜಿಟಲ್ ಸಹಿ ನನ್ನ ಸ್ವಾಧೀನದಲ್ಲಿಲ್ಲ, ರದ್ದು ಮಾಡಿ ಹೊಸದು ಮಾಡಿಸಿ’ ಎಂದು ಬರೆಯಬೇಕು. ತಾರೀಖು ಮುಖ್ಯ. ಅದರ ನಂತರದ ಪಾವತಿಗಳ ಪ್ರಶ್ನೆ ಬೇರೆ, ಮುಂಚಿನದು ಬೇರೆ.

ಇನ್ನು ಎಸ್ಸೆಸ್ಸೆಲ್ಸಿ ಮಾತು. ಹರಿಯಾಣ 2015ರಲ್ಲಿ ಇಂಥ ನಿಯಮ ತಂದಿತು, ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ರಾಜಸ್ಥಾನ ತಂದಿದ್ದನ್ನು 2019ರಲ್ಲಿ ತಾನೇ ತೆಗೆದುಹಾಕಿತು. ಯಾದಗಿರಿ ಜಿಲ್ಲೆಯ ಒಟ್ಟು ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 52ರ ಆಸುಪಾಸು, ರಾಜ್ಯಕ್ಕೇ ಕೊನೆ. ಹೆಂಗಸರದು ಅದಕ್ಕಿಂತ ಕೆಳಗೆ. ಅಲ್ಲಿ ಎಸ್ಸೆಸ್ಸೆಲ್ಸಿ ಗೆರೆ ಎಳೆದರೆ ಮೀಸಲು ಸೀಟಿಗೆ ಉಳಿಯುವವರು ಊರಿನ ನಾಲ್ಕು ದೊಡ್ಡ ಮನೆಯ ಸೊಸೆಯಂದಿರು ಮಾತ್ರ. ಕಿಸೆ ಬದಲಾಗುತ್ತದೆ, ಡೋಂಗಲ್ ಅಲ್ಲೇ ಇರುತ್ತದೆ.

ಶಹಾಪುರದಾಕಿ:

ಡೋಂಗಲ್ ಆತು. ಠರಾವು ಪುಸ್ತಕದ ಸುದ್ದಿ ಕೇಳ್ರಿ.

ಸಭಾ ಶುರು ಆಗೋಕಿಂತ ಮೊದಲ ಹಾಜರಿಗೆ ಅಂತ ಸಹಿ ತಗೋತಾರ. ಚಾ-ಬಿಸ್ಕೀಟ್ ಬರ್ತದ. ಮಾತುಕತಿ ಆಗ್ತದ. ‘ಠರಾವು ಆಮ್ಯಾಲ ಬರೀತೀವಿ, ನೀವು ಹೋಗ್ರಿ ಅಕ್ಕೋರೆ, ಬಸ್ ತಪ್ಪತದ’ ಅಂತಾರ. ಮೂರು ದಿನ ಬಿಟ್ಟು ಅದೇ ಹಾಳಿಗೆ ಠರಾವು ಇಳೀತದ. ಸಭಾದಾಗ ಚರ್ಚೆನ ಆಗದಿದ್ದ ಕೆಲಸ ‘ಸರ್ವಾನುಮತದಿಂದ’ ಪಾಸಾಗಿರ್ತದ. ಸಹಿ ಅಂತೂ ಮೊದಲ ಬಿದ್ದದ.

ಇದಕ್ಕ ಮದ್ದು ದೊಡ್ಡದೇನಲ್ಲ:

ಹಾಜರಿ ಸಹಿ ಬ್ಯಾರೆ ಪುಸ್ತಕದಾಗ ಇರ್ಲಿ. ಠರಾವು ಪುಸ್ತಕದಾಗ ಕೊನೀ ಠರಾವಿನ ಕೆಳಗ ಸಹಿ, ಮ್ಯಾಲ ಅಲ್ಲ. ಠರಾವು ಬರೆದ ಮ್ಯಾಲ ಗಟ್ಟಿಯಾಗಿ ಓದಿಸ್ಬೇಕು. ಖಾಲಿ ಸಾಲು ಉಳಿದ್ರ ಅಡ್ಡ ಗೆರಿ ಹೊಡೀಬೇಕು. ಹಾಳಿ ಫೋಟೊ ಹೊಡ್ಕೊಬೇಕು. ಒಪ್ಪಿಗಿ ಇಲ್ಲಾಂದ್ರ ಸಹಿ ಬಾಜೂಕ ‘ಠರಾವು ನಂಬರ್ ಇಷ್ಟಕ್ಕೆ ನನ್ನ ಅಸಮ್ಮತಿ ಇದೆ’ ಅಂತ ಒಂದ್ ಸಾಲು. ಬರಿಯಾಕ ಬರದಿದ್ರ ಬ್ಯಾರೆ ಸದಸ್ಯರ ಕೈಲಿ ಬರೆಸಿ ಹೆಬ್ಬಟ್ಟು.

ಬಸ್ ತಪ್ಪತದ ಅನ್ನೋದು ಸಣ್ಣ ಮಾತಲ್ಲ ಮತ್ತ. 2023ರ ಜೂನ್ 11ರಿಂದ ಶಕ್ತಿ ಯೋಜನೆದಾಗ ಟಿಕೆಟ್ ರೊಕ್ಕ ಇಲ್ಲ ಖರೆ, ಆದ್ರ ಬಸ್ಸೇ ಬರದ ಊರಿಗೆ ಶೂನ್ಯ ಟಿಕೆಟ್ ತಗೊಂಡ್ ಏನ್ ಮಾಡೋದು? ತಾಲ್ಲೂಕಿನಾಗ ಕೆಡಿಪಿ (ಅಭಿವೃದ್ಧಿ ಕೆಲಸದ ಪರಿಶೀಲನಾ) ಸಭಾ ಮಧ್ಯಾಹ್ನ ಮೂರಕ್ಕ ಕರೆದ್ರ ಮುಗಿಯೋದು ಕತ್ತಲಾದಾಗ. ಗಂಡನ ಬೈಕ್ ಮ್ಯಾಲ ಬಂದಾಕಿ ಗಂಡ ‘ನಡಿ’ ಅಂದಾಗ ಎದ್ದು ಹೋಗ್ಬೇಕು. ಮುಂಜಾನಿ 11ಕ್ಕ ಸಭಾ ಇಡ್ರಿ ಅಂತ ಒಂದ್ ಠರಾವು ಮೊದಲ ಸಭಾದಾಗನ ಮಾಡ್ಕೊಂಡ್ರ ಅರ್ಧ ತ್ರಾಸು ಕಡಿಮಿ. ತೊಗರಿ ಕೊಯ್ಲಿನ ಟೈಮಿನಾಗ ಅದೂ ನಡಿಯಲ್ಲ, ಆವಾಗ ಕೂಲಿ ಬಿಟ್ಟು ಯಾರು ಬರ್ತಾರ?

ಹಳೇ ಕಾರ್ಯದರ್ಶಿ:

ನೋಟಿಸಿನ ವಿಷಯ ಸೇರಿಸುತ್ತೇನೆ. ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ ಮುಂಚಿನ ನೋಟಿಸು, ವಿಶೇಷ ಸಭೆಗೆ ಮೂರು ದಿನ. ವಾಟರ್‌ಮನ್ ಕೈಯಲ್ಲಿ ಕಳಿಸಿದ ನೋಟಿಸನ್ನು ಮನೆಯ ಗಂಡಸರು ಸಹಿ ಮಾಡಿ ತೆಗೆದುಕೊಳ್ಳುತ್ತಾರೆ, ಒಳಗೆ ಹೇಳುವುದಿಲ್ಲ. ಸದಸ್ಯೆಯ ಸಹಿಯೇ ಬೇಕು ಎಂದು ಪಿಡಿಒ ಪಟ್ಟು ಹಿಡಿದರೆ ಇದು ನಿಲ್ಲುತ್ತದೆ. ಸಭೆ ಕರೆಯುವುದನ್ನೇ ಮುಂದೂಡುತ್ತಿದ್ದರೆ ಒಟ್ಟು ಸದಸ್ಯರ ಮೂರನೇ ಒಂದು ಭಾಗ ಬರೆದುಕೊಟ್ಟು ವಿಶೇಷ ಸಭೆ ಕೇಳಬಹುದು. ಇದನ್ನು ಬಳಸುವವರು ಬೆರಳೆಣಿಕೆ.

ಸಭೆಯ ಕೋಣೆಯೊಳಗೆ ಗಂಡ, ಮಗ, ಮೈದುನ ಕೂರುವಂತಿಲ್ಲ. ಗ್ರಾಮ ಸಭೆಗೆ ಮತದಾರನಾಗಿ ಬರಬಹುದು, ಜನರ ನಡುವೆ ಕೂರಬಹುದು, ವೇದಿಕೆ ಹತ್ತುವಂತಿಲ್ಲ. ಪಿಡಿಒ ಕಣ್ಣುಮುಚ್ಚಿಕೊಂಡರೆ ಆ ದಿನದ ಫೋಟೊ ಸಮೇತ ಇಒ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ದೂರು. ಪತಿಗಳ ಆಡಳಿತದ ವಿಷಯ 2023ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿ, ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಅದಕ್ಕೆಂದೇ ಸಲಹಾ ಸಮಿತಿ ಮಾಡಿತ್ತು. ಆದರೂ ಇವತ್ತಿಗೂ ಕಚೇರಿಯ ಫೋನುಗಳಲ್ಲಿ ‘ಅಧ್ಯಕ್ಷರು’ ಅಂತ ಸೇವ್ ಆಗಿರುವ ನಂಬರ್ ಯಾರದ್ದು ನೋಡಿ. ಮೊದಲು ಬದಲಾಗಬೇಕಾದ್ದು ಅದು.

ತಾಂಡಾ ದಾರಿ:

ಎಲ್ಲವನ್ನೂ ಗಂಡನ ತಲೆಗೆ ಕಟ್ಟಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಗೆ ಮೀಸಲಾದ ಅಧ್ಯಕ್ಷ ಸ್ಥಾನದಲ್ಲಿ ಡೋಂಗಲ್ ಹೋಗುವುದು ಬಹಳ ಸಲ ಗಂಡನ ಕಿಸೆಗಲ್ಲ, ಆ ಕುಟುಂಬ ದುಡಿಯುವ ಹೊಲದ ಒಡೆಯನ ಮನೆಗೆ. ಅಭ್ಯರ್ಥಿಯನ್ನು ಹುಡುಕಿದವರು ಅವರೇ, ಠೇವಣಿ ಕಟ್ಟಿದವರು ಅವರೇ, ಮುಂಗಡ ಸಾಲವೂ ಅವರದ್ದೇ. ಅಲ್ಲಿ ಗಂಡನೂ ಹೆಂಡತಿಯಷ್ಟೇ ಬಾಯಿಲ್ಲದವನು. ‘ಪತಿ ಹಸ್ತಕ್ಷೇಪ ತಡೆಯಿರಿ’ ಎಂಬ ಸುತ್ತೋಲೆ ಈ ಮನೆಯ ಬಾಗಿಲಿಗೆ ಮುಟ್ಟುವುದೇ ಇಲ್ಲ. 2020ರ ಡಿಸೆಂಬರ್ ಚುನಾವಣೆಯಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ರಾಜ್ಯದ ಹಲವೆಡೆಯಿಂದ ಬಂದಿತ್ತು. ಹರಾಜಿನಲ್ಲಿ ಕೂಗುವವರು ಯಾರು, ಸೀಟಿನಲ್ಲಿ ಕೂರುವವರು ಯಾರು?

ಎರಡನೆಯದು ಗುಳೆ. ಚಿಂಚೋಳಿ ಭಾಗದ ತಾಂಡಾಗಳಿಂದ, ಯಾದಗಿರಿ ಜಿಲ್ಲೆಯ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಸದಸ್ಯೆಯೂ ಹೋಗುತ್ತಾಳೆ. ಸದಸ್ಯರ ಗೌರವಧನ ತಿಂಗಳಿಗೆ 2,000 ರೂಪಾಯಿ, ಅಧ್ಯಕ್ಷರಿಗೆ 6,000. ಅದರಲ್ಲಿ ಸಂಸಾರ ಸಾಗುವುದಿಲ್ಲ. ಅನುಮತಿ ಇಲ್ಲದೆ ಸಾಲು ಸಾಲಾಗಿ ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಊರು ಬಿಡುವ ಮುಂಚೆ ಗೈರುಹಾಜರಿಗೆ ಅನುಮತಿ ಕೋರಿದ ಅರ್ಜಿ ಕೊಟ್ಟು, ಅದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿಕೊಳ್ಳುವಂತೆ ಕೇಳಬೇಕು. ಫೋನಿನಲ್ಲಿ ಹೇಳಿದ್ದೆ ಎಂಬುದು ದಾಖಲೆ ಆಗುವುದಿಲ್ಲ.

ಮೂರನೆಯದು ಗಡಿ. ಆಳಂದ, ಔರಾದ, ಬಸವಕಲ್ಯಾಣಕ್ಕೆ ಮಹಾರಾಷ್ಟ್ರದಿಂದ, ಸೇಡಂ, ಚಿಂಚೋಳಿ, ಗುರುಮಠಕಲ್‌ಗೆ ತೆಲಂಗಾಣದಿಂದ ಸೊಸೆಯಾಗಿ ಬಂದವರು ಸಾವಿರಾರು. ಜಾತಿ ಹುಟ್ಟಿನಿಂದ, ಅಂದರೆ ತಂದೆಯ ಕಡೆಯಿಂದ, ಮದುವೆಯಿಂದ ಬರುವುದಿಲ್ಲ. ಹುಟ್ಟಿದ ರಾಜ್ಯದ ಪರಿಶಿಷ್ಟ ಜಾತಿ ಪ್ರಮಾಣಪತ್ರ ಹಿಡಿದು ಗಂಡನ ರಾಜ್ಯದಲ್ಲಿ ಮೀಸಲು ಸೌಲಭ್ಯ ಕೇಳುವಂತಿಲ್ಲ. ಎರಡೂ ಕಡೆ ಅದೇ ಜಾತಿ ಪಟ್ಟಿಯಲ್ಲಿದ್ದರೂ ಅಷ್ಟೇ, ನೌಕರಿಯ ವಿಷಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ನಾಮಪತ್ರದ ಪರಿಶೀಲನೆಯ ದಿನ ಇದು ಹೊರಬಿದ್ದರೆ ಮುಗಿಯಿತು. ಹಾಗಾಗಿ ಹೆಸರು ಅಂತಿಮ ಮಾಡುವ ಮೊದಲೇ ಪ್ರಮಾಣಪತ್ರ ಎಲ್ಲಿಯದು, ತಂದೆಯ ಹೆಸರಿನಲ್ಲಿದೆಯೇ ಎಂದು ನೋಡಬೇಕು. ಇಂಥವರಿಗೆ ಉಳಿಯುವ ದಾರಿ ‘ಸಾಮಾನ್ಯ ಮಹಿಳೆ’ ಸ್ಥಾನ.

ಭಾಷೆಯೂ ಇದೆ. ಔರಾದ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ಉರ್ದು. ಕಚೇರಿಯ ಕನ್ನಡ ಮಾತ್ರ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’. ಅದು ಕನ್ನಡ ಬಲ್ಲವರಿಗೇ ಅರ್ಥವಾಗುವುದಿಲ್ಲ!

ಬೀದರ್ ವಕೀಲೆ:

ಈಗ ಅವಿಶ್ವಾಸ. ಅಧ್ಯಕ್ಷೆ ಡೋಂಗಲ್ ಹಿಂದಕ್ಕೆ ಕೇಳಿದ ವಾರದಲ್ಲೇ ಈ ಮಾತು ಏಳುತ್ತದೆ. ಹೆದರಿಕೆಗೆ ಕಾರಣ ಲೆಕ್ಕ ಗೊತ್ತಿಲ್ಲದಿರುವುದು.

ಅವಿಶ್ವಾಸದ ಸೂಚನೆಗೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನರ ಸಹಿ ಬೇಕು, ಅದು ಹೋಗಬೇಕಾದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕಚೇರಿಗೆ. ಅವರು 30 ದಿನದೊಳಗೆ ಸಭೆ ಕರೆಯಬೇಕು, ಸದಸ್ಯರಿಗೆ ಪೂರ್ತಿ 15 ದಿನದ ನೋಟಿಸ್ ಕೊಡಬೇಕು. ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡರಷ್ಟು ಮತ ಬೇಕು. ಗಮನಿಸಿ, ಹಾಜರಿದ್ದವರ ಲೆಕ್ಕ ಅಲ್ಲ, ಒಟ್ಟು ಸದಸ್ಯರ ಲೆಕ್ಕ. 15 ಜನರ ಪಂಚಾಯಿತಿಯಲ್ಲಿ 10 ಮತ ಬೇಕು, ಅಧ್ಯಕ್ಷೆಯನ್ನೂ ಸೇರಿಸಿ ಆರು ಜನ ಗಟ್ಟಿ ನಿಂತರೆ ಬಿದ್ದುಹೋಗುತ್ತದೆ. 18 ಜನರಲ್ಲಿ 12 ಬೇಕು, ಏಳು ಜನ ಸಾಕು ತಡೆಯಲು. 21ರಲ್ಲಿ 14 ಬೇಕು, ಎಂಟು ಜನ ಸಾಕು. ಅರ್ಧ ಸೀಟು ಹೆಂಗಸರದೇ. 18ರಲ್ಲಿ ಒಂಬತ್ತು ಸದಸ್ಯೆಯರಿದ್ದು ಏಳು ಜನ ಒಂದಾದರೆ ಯಾವ ಗೌಡರ ಮನೆಯ ಪಂಕ್ತಿಯೂ ಅಧ್ಯಕ್ಷೆಯನ್ನು ಇಳಿಸಲಾಗದು. ಸದಸ್ಯೆಯರು ಸಭೆಯ ಹಿಂದಿನ ದಿನ ತಾವಷ್ಟೇ ಒಂದು ತಾಸು ಕೂಡುವ ರೂಢಿ ಬೆಳೆಸಬೇಕು ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕಕ್ಕಾಗಿ.

ಅವಿಶ್ವಾಸಕ್ಕಿಂತ ಸುಲಭದ ಆಯುಧ ಇನ್ನೊಂದಿದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ: ತಾರೀಖಿಲ್ಲದ ರಾಜೀನಾಮೆ ಪತ್ರ. ‘ಹತ್ತು ತಿಂಗಳು ನೀನು, ಹತ್ತು ತಿಂಗಳು ಆಕೆ’ ಎಂದು ದೇವಸ್ಥಾನದಲ್ಲಿ ಒಪ್ಪಂದ ಮಾಡಿ, ಆಯ್ಕೆಗೆ ಮುಂಚೆಯೇ ಸಹಿ ತೆಗೆದಿಟ್ಟಿರುತ್ತಾರೆ. ಇಂಥ ಒಪ್ಪಂದಕ್ಕೆ ಕಾಯ್ದೆಯಲ್ಲಿ ಬೆಲೆ ಇಲ್ಲ. ಅಧ್ಯಕ್ಷರ ರಾಜೀನಾಮೆ ಎಸಿಗೆ ಸಲ್ಲಬೇಕು, ಸಲ್ಲಿಸಿದ ಮೇಲೂ ಹಿಂಪಡೆಯಲು ಕೆಲವು ದಿನಗಳ ಗಡುವಿದೆ. ಪತ್ರ ಬೇರೆಯವರ ಕೈಯಲ್ಲಿದೆ ಎಂಬ ಅನುಮಾನ ಇದ್ದರೆ ಮೊದಲೇ ಎಸಿ ಕಚೇರಿಗೆ ಬರೆದುಕೊಡಿ: ‘ನಾನು ಖುದ್ದಾಗಿ ಬಂದು ಕೊಡದ ಯಾವ ರಾಜೀನಾಮೆಯನ್ನೂ ಅಂಗೀಕರಿಸಬಾರದು.’ ಕಲಬುರಗಿ ಜಿಲ್ಲೆಯವರಿಗೆ ಕಲಬುರಗಿ ಅಥವಾ ಸೇಡಂ ಉಪವಿಭಾಗ, ಬೀದರ್‌ನವರಿಗೆ ಬೀದರ್ ಅಥವಾ ಬಸವಕಲ್ಯಾಣ, ಯಾದಗಿರಿಯವರಿಗೆ ಯಾದಗಿರಿ.

ಬಸವಕಲ್ಯಾಣ ಅಂದಾಗ ನೆನಪಾಯಿತು. ಮಹಿಳಾ ಗ್ರಾಮ ಸಭೆಯ ಭಾಷಣ ಅಕ್ಕಮಹಾದೇವಿಯಿಂದ ಶುರುವಾಗದೆ ಇರುವುದಿಲ್ಲ. ಭಾಷಣ ಮಾಡುವವರು ಮಾತ್ರ ಅಧ್ಯಕ್ಷರ ಗಂಡ.

ಮಿಲ್ ಲೆಕ್ಕ:

ಉದ್ಯೋಗದ ಕಡೆ ಬರೋಣ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬ್ಯಾಗಿನ ಮೇಲೆ ಹೆಸರು ಬಂತು. ದಾಲ್ ಮಿಲ್ಲಿನೊಳಗೆ ಯಾರು ಎಲ್ಲಿ ನಿಂತಿದ್ದಾರೆ ನೋಡಿ. ಕಾಳು ಆರಿಸುವುದು, ಕೇರುವುದು, ಒಣಗಲು ಹಾಕಿದ್ದನ್ನು ಕೈಯಾಡಿಸುವುದು, ಕಸ ಹೊಡೆಯುವುದು ಹೆಂಗಸರದು. ರೋಲರ್, ಎಣ್ಣೆ ಹಚ್ಚುವ ಯಂತ್ರ, ಜರಡಿ, ತೂಕ, ಗುಮಾಸ್ತಿಕೆ ಗಂಡಸರದು. ಹಮಾಲಿಗೆ ಚೀಲದ ಲೆಕ್ಕದಲ್ಲಿ ದರ ನಿಗದಿ ಇರುತ್ತದೆ, ಹೆಂಗಸರಿಗೆ ದಿನಗೂಲಿ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಬಂದಾಗ ಹೋಗಿದ್ದು ಆರಿಸುವವರ ಕೆಲಸ. ಒಳ್ಳೆಯ ಕಾಳು ಯಾವುದು, ಕರೆಗಟ್ಟಿದ್ದು ಯಾವುದು, ಮುಕ್ಕಾದದ್ದು ಯಾವುದು ಎಂದು ಕಣ್ಣಿಗೆ ಗೊತ್ತಿದ್ದವರೇ ಆ ಯಂತ್ರದ ಸೆಟ್ಟಿಂಗ್ ಕಲಿಯಲು ಎಲ್ಲರಿಗಿಂತ ಯೋಗ್ಯರು, ಯಾಕೆಂದರೆ ಅಲ್ಲಿ ಮಾಡಬೇಕಾದ್ದೂ ಅದನ್ನೇ. ಆಪರೇಟರ್ ಹುದ್ದೆ ಹೋಗಿದ್ದು ಐಟಿಐ ಸರ್ಟಿಫಿಕೇಟ್ ಇದ್ದ ಹುಡುಗರಿಗೆ. ಯಂತ್ರ ಕೂರಿಸಲು ಕಂಪನಿಯವರು ಬಂದ ದಿನ ತರಬೇತಿಗೆ ಯಾರನ್ನು ನಿಲ್ಲಿಸುತ್ತಾರೆ ಎಂಬಲ್ಲೇ ಮುಂದಿನ ಹತ್ತು ವರ್ಷದ ಬಡ್ತಿ ತೀರ್ಮಾನವಾಗುತ್ತದೆ.

ಇನ್ನೊಂದು ಅಡ್ಡಿ ಹಾಜರಿ ಪುಸ್ತಕದಲ್ಲಿದೆ. ಹೆಂಗಸರನ್ನು ಗುತ್ತೇದಾರನ ಲೆಕ್ಕದಲ್ಲಿ ತೋರಿಸುತ್ತಾರೆ, ಅಥವಾ ಹಂಗಾಮು ಮುಗಿಯುತ್ತಲೇ ಹೆಸರು ತೆಗೆದು ಮುಂದಿನ ಸಲ ಹೊಸಬರೆಂದು ಬರೆಯುತ್ತಾರೆ. ಹದಿನೈದು ವರ್ಷ ದುಡಿದಾಕೆ ಕಾಗದದಲ್ಲಿ ಪ್ರತಿ ವರ್ಷ ಹೊಸಬಳು. ಸೇವಾವಧಿ ಇಲ್ಲ, ಸೂಪರ್‌ವೈಸರ್ ಮಾತೇ ಇಲ್ಲ. ಕಾರ್ಮಿಕರ ವಿಮೆಯ (ಇಎಸ್‌ಐ) ಹೆರಿಗೆ ಭತ್ಯೆ 26 ವಾರ ಸಿಗಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಬೇಕು. ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹೆಸರು ಮಧ್ಯದಲ್ಲಿ ಬಿಟ್ಟರೆ ಆ 70 ತುಂಬುವುದಿಲ್ಲ. ಇಎಸ್‌ಐ ಸಂಖ್ಯೆ, ಪಿಎಫ್‌ನ ಖಾತೆ ಸಂಖ್ಯೆಯಾದ ಯುಎಎನ್ ಕೇಳಿ ಬರೆದಿಟ್ಟುಕೊಳ್ಳಬೇಕು. ಯುಎಎನ್‌ಗೆ ಜೋಡಿಸಿದ ಮೊಬೈಲ್ ನಂಬರ್ ಗುತ್ತೇದಾರನದಲ್ಲ ತಾನೇ ಎಂದು ನೋಡಿ. ಡೋಂಗಲ್ ಕಥೆಯೇ ಇದೂ.

ಕಚೇರಿ ಮೆಟ್ಟಿಲು:

ಸರ್ಕಾರಿ ಕಚೇರಿಯಲ್ಲಿ ಡೋಂಗಲ್ ಇಲ್ಲ, ಜ್ಯೇಷ್ಠತಾ ಪಟ್ಟಿ ಇದೆ. ತಾತ್ಕಾಲಿಕ ಪಟ್ಟಿ ಹೊರಬಿದ್ದಾಗ ಆಕ್ಷೇಪಣೆಗೆ ದಿನ ಕೊಟ್ಟಿರುತ್ತಾರೆ. ಹೆರಿಗೆ ರಜೆ, ಶಿಶುಪಾಲನಾ ರಜೆಯಲ್ಲಿದ್ದವರಿಗೆ ಅದು ಮುಟ್ಟುವುದೇ ಇಲ್ಲ. ರಾಜ್ಯದ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ 2021ರಿಂದ ಇದೆ. ರಜೆ ಹೋಗುವಾಗ ಸಹೋದ್ಯೋಗಿಯೊಬ್ಬರಿಗೆ ‘ಪಟ್ಟಿ ಬಂದರೆ ಫೋಟೊ ಕಳಿಸಿ’ ಎಂದು ಹೇಳಿ ಹೋಗಬೇಕು, ಇದಕ್ಕಿಂತ ಸರಳ ಉಪಾಯ ಇಲ್ಲ.

ಎರಡನೆಯದು ಇಲಾಖಾ ಪರೀಕ್ಷೆ. ಅಕೌಂಟ್ಸ್ ಹೈಯರ್, ಜನರಲ್ ಲಾ ಪಾಸಾಗದೆ ಬಡ್ತಿ ನಿಂತಿರುವ ಹೆಣ್ಣುಮಕ್ಕಳು ಬುದ್ಧಿಯಲ್ಲಿ ಹಿಂದೆ ಬಿದ್ದವರಲ್ಲ. ಸೇರಿದ ಮೊದಲ ಎರಡು ವರ್ಷದಲ್ಲಿ, ಮದುವೆ-ಮಕ್ಕಳಿಗೆ ಮುಂಚೆ, ಬರೆದು ಮುಗಿಸಿದವರು ಪಾರು. ಮೂರನೆಯದು ಬಡ್ತಿಯ ಜೊತೆ ಬರುವ ವರ್ಗಾವಣೆ: ಸುರಪುರದಿಂದ ಔರಾದಕ್ಕೆ ಹಾಕಿದರೆ ‘ಬಡ್ತಿ ಬೇಡ’ ಎಂದು ಬರೆದುಕೊಡುತ್ತಾರೆ, ಕಿರಿಯರು ಮೇಲೆ ಹೋಗುತ್ತಾರೆ. ಬೇಡ ಎಂದು ಬರೆಯುವ ಮುನ್ನ ಪತಿ-ಪತ್ನಿ ಪ್ರಕರಣದ ಅಡಿ ಸ್ಥಳ ಬದಲಾವಣೆಯ ಕೋರಿಕೆ ಕೊಡಿ. ಕೋರಿಕೆ ತಿರಸ್ಕೃತವಾದರೂ ನಷ್ಟವಿಲ್ಲ, ನಿರಾಕರಣೆ ಪತ್ರ ಮಾತ್ರ ಜ್ಯೇಷ್ಠತೆಯನ್ನೇ ತಿನ್ನುತ್ತದೆ.

ಶಹಾಪುರದಾಕಿ:

ಕಿರುಕುಳದ ಸುದ್ದಿ ಯಾರೂ ಬರೀಲಿಲ್ಲಲ್ಲ ಮೇಡಂ? ಮ್ಯಾಲ ಹೋಗೋ ಹೆಣ್ಮಗಳ ಕಾಲಿಗೆ ಮೊದಲು ಸುತ್ತಿಕೊಳ್ಳೋದು ಅದ.

ಬೀದರ್ ವಕೀಲೆ:

ಹೌದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಅಲ್ಲಿನ ಹಿರಿಯ ಮಹಿಳಾ ಉದ್ಯೋಗಿ, ಹೊರಗಿನ ಸದಸ್ಯರೊಬ್ಬರು, ಕನಿಷ್ಠ ಅರ್ಧದಷ್ಟು ಹೆಂಗಸರು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಮಿಲ್ಲು, ಕಲ್ಲಿನ ಪಾಲಿಶ್ ಘಟಕ, ಅಂಗಡಿಗಳಲ್ಲಿ ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ತಾಲ್ಲೂಕಿನಲ್ಲಿ ನೋಡಲ್ ಅಧಿಕಾರಿ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಸಿಬ್ಬಂದಿ ಹತ್ತು ತುಂಬದಿದ್ದರೆ ಅವರಿಗೂ ಇದೇ ದಾರಿ. ಕಾಯ್ದೆ ನೊಂದ ಮಹಿಳೆ ‘ಉದ್ಯೋಗಿ ಆಗಿರಲಿ, ಆಗದಿರಲಿ’ ಎನ್ನುತ್ತದೆ, ಆದ್ದರಿಂದ ಕಚೇರಿಗೆ ಬಂದ ಸದಸ್ಯೆಯೂ ದೂರು ಕೊಡಬಹುದು.

ದೂರಿಗೆ ಘಟನೆಯ ದಿನದಿಂದ ಮೂರು ತಿಂಗಳು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು. ದೂರಿನ ಆರು ಪ್ರತಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ತನ್ನನ್ನೋ ಆತನನ್ನೋ ಬೇರೆಡೆಗೆ ಹಾಕಿ ಎಂದು, ಅಥವಾ ಮೂರು ತಿಂಗಳವರೆಗೆ ರಜೆ ಕೊಡಿ ಎಂದು ಲಿಖಿತವಾಗಿ ಕೇಳಬಹುದು. ಕೆಡುವುದು ಎಲ್ಲೆಂದರೆ ‘ರಾಜಿ ಮಾಡ್ಕೋರಿ’ ಎಂದು ಹಿರಿಯರು ಎಳೆದಾಡುವುದರಲ್ಲಿ ಮೂರು ತಿಂಗಳು ಜಾರಿಹೋಗುತ್ತದೆ. ರಾಜಿ ಮಾತು ನಡೆಯುತ್ತಿದ್ದರೂ ದೂರು ಕೊಟ್ಟಿರಿ.

ಗಂಜ್ ಏರಿಯಾ:

ಎಲ್ಲಾ ಖರೆ. ಆದ್ರ ಗ್ರಾಮ ಪಂಚಾಯಿತಿದಾಗ ಕಲ್ತ ಹೆಣ್ಮಕ್ಕಳು ಮ್ಯಾಲ ಯಾಕ ಬರಲ್ಲ ಮತ್ತ? ಎಮ್ಮೆಲ್ಲೆ ಆಗ್ಲಿ ನೋಡೋಣು.

ಕಾಗಿಣಾ ದಂಡಿ:

ಮೂರು ಜಿಲ್ಲೆಗೆ 19 ವಿಧಾನಸಭಾ ಕ್ಷೇತ್ರ: ಕಲಬುರಗಿ ಒಂಬತ್ತು, ಬೀದರ್ ಆರು, ಯಾದಗಿರಿ ನಾಲ್ಕು. 2023ರಲ್ಲಿ ಗೆದ್ದ ಮಹಿಳೆ ಒಬ್ಬರೇ, ಕಲಬುರಗಿ ಉತ್ತರದ ಕನೀಜ್ ಫಾತಿಮಾ. ಇಡೀ ರಾಜ್ಯದಲ್ಲಿ 224ಕ್ಕೆ 10.

ಮೇಲೆ ಬರದಿರಲು ಕಾರಣ, ನಡುವಿನ ಮೆಟ್ಟಿಲು ಇಲ್ಲದಿರುವುದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿ 2021ರಲ್ಲಿ ಅವಧಿ ಮುಗಿಯಿತು; ಆಮೇಲೆ ವರ್ಷಗಟ್ಟಲೆ ಮತದಾನವೇ ಇಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಅಧ್ಯಕ್ಷೆಯಾಗಿ ದುಡಿದಾಕೆಯನ್ನು ಪಕ್ಷ ಗುರುತಿಸುವ ಜಾಗವೇ ಜಿಲ್ಲಾ ಪಂಚಾಯಿತಿ. ಅದು ಬಾಗಿಲು ಹಾಕಿದರೆ ಆಕೆ ಮನೆಗೆ, ಗಂಡಸರು ಗುತ್ತಿಗೆ, ಸಹಕಾರ ಸಂಘ, ಎಪಿಎಂಸಿ ದಾರಿಯಲ್ಲಿ ಪಕ್ಷದೊಳಗೆ. ಕಲಬುರಗಿ ಮಹಾನಗರ ಪಾಲಿಕೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ, ಕಡತ ಅರ್ಥವಾಗುವಷ್ಟರಲ್ಲಿ ಬೀಳ್ಕೊಡುಗೆ.

ಮೀಸಲು ಸರದಿಯದ್ದು ಇನ್ನೊಂದು. ಮುಂದಿನ ಸಲ ವಾರ್ಡು ‘ಸಾಮಾನ್ಯ’ ಆದ ಕೂಡಲೇ ‘ನಿಮ್ಮದು ಮುಗೀತು ಅಕ್ಕೋರೆ’ ಎನ್ನುತ್ತಾರೆ. ಸಾಮಾನ್ಯ ಎಂದರೆ ಗಂಡಸರದು ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ದುಡ್ಡಿನ ಮಾತೂ ಇದೆ: ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರಿಗೆ ಠೇವಣಿ ಅರ್ಧ, ವಿಧಾನಸಭೆಗೆ ಪೂರ್ತಿ 10,000, ರಿಯಾಯಿತಿ ಇರುವುದು ಪರಿಶಿಷ್ಟರಿಗೆ ಮಾತ್ರ. ವೆಚ್ಚದ ಮಿತಿ 40 ಲಕ್ಷ. ಹೊಲ ಗಂಡನ ಹೆಸರಲ್ಲಿರುವಾಗ ಆ ದುಡ್ಡಿನ ಒಂದಂಶ ಆಕೆ ಎಲ್ಲಿಂದ ತರಬೇಕು? 2023ರ ಸಂವಿಧಾನದ 106ನೇ ತಿದ್ದುಪಡಿ ವಿಧಾನಸಭೆ, ಲೋಕಸಭೆಯಲ್ಲಿ ಮೂರನೇ ಒಂದು ಭಾಗ ಇಟ್ಟಿತು, ಆದರೆ ಅದರ ಜಾರಿಗೆ ಜನಗಣತಿ, ಕ್ಷೇತ್ರ ಮರುವಿಂಗಡಣೆಯ ಗಂಟು ಹಾಕಿತು. ಅದು ಬಂದ ದಿನ ಅರ್ಜಿ ಹಾಕುವ ಹೆಂಗಸರು ಯಾರು ಎಂಬುದು ಈಗ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಪುಸ್ತಕ ಬರೆಯುತ್ತಿರುವವರನ್ನು ನೋಡಿದರೆ ಗೊತ್ತಾಗುತ್ತದೆ. ಲಕ್ಷಗಟ್ಟಲೆ ಸಾಲದ ಲೆಕ್ಕ ಇಟ್ಟವರಿಗೆ ವೋಚರ್ ಹೊಸದಲ್ಲ.

ಹೊಸ ಸದಸ್ಯ:

ಒಂದು ಪ್ರಶ್ನಿ. ಹಳೀ ಸಭಾದ ಠರಾವಿನ ನಕಲು ಪಂಚಾಯಿತಿ ಸದಸ್ಯೆ ಆದಾಕಿ ಕೇಳಿದ್ರ ಕೊಡಲ್ಲ ಅಂತಾರ. ಏನ್ ಮಾಡ್ಬೇಕ್ರಿ?

ಹಳೇ ಕಾರ್ಯದರ್ಶಿ:

ಸದಸ್ಯೆಯಾಗಿ ಲಿಖಿತವಾಗಿ ಕೇಳಲಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ‘ಭ್ರಷ್ಟಾಚಾರದ ಬಗ್ಗೆ ಮಾಹಿತಿ ಕೊಡಿ’ ಎಂದೆಲ್ಲ ಬರೆಯಬೇಡಿ. ‘ಇಂಥ ತಾರೀಖಿನ ಸಾಮಾನ್ಯ ಸಭೆಯ ನಡಾವಳಿಯ ದೃಢೀಕೃತ ನಕಲು’, ಅಷ್ಟೇ. 30 ದಿನ ಕಾಯಿರಿ, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹೊಸ ಸದಸ್ಯ:

ಅರ್ಜಿ ಪಿಡಿಒ ಕೈಯಾಗ ಕೊಟ್ರ ಸಾಕೇನ್ರಿ?

ಶಹಾಪುರದಾಕಿ:

ಎರಡು ಪ್ರತಿ ಒಯ್ರಿ. ಒಂದು ಅವ್ರಿಗೆ. ಇನ್ನೊಂದರ ಮ್ಯಾಲ ಸೀಲು, ತಾರೀಖು, ಸಹಿ ಹಾಕಿಸ್ಕೊಂಡು ಮನಿಗೆ ತರ್ರಿ. ಸೀಲು ಇಲ್ಲ ಅಂದ್ರ ಸ್ಪೀಡ್ ಪೋಸ್ಟ್. ಮತ್ತ ಅಕ್ಕೋರೇ ಒಯ್ಲಿ, ನೀವಲ್ಲ.